ಒಂದು ಫುಲ್ಲು

ರಜೆ ಅರ್ಜಿ ನೋಡಿ ಡಿಪೋ ಮ್ಯಾನೇಜರು ಕೇಳಿದರು,
‘ಯಾರ ಮದುವಿ, ನೀಲವ್ವಾ?’
ಯಾರದೂ ಅಲ್ರೀ.
‘ಹಂಗಾರ ಆಸ್ಪತ್ರಿ?’
ಅದೂ ಅಲ್ರೀ.
ಮೂರನೆಯ ಕಾರಣಕ್ಕೆ ಆ ಫಾರಮಿನಲ್ಲಿ ಜಾಗವಿರಲಿಲ್ಲ.

ಚೀಟಿ ಎತ್ತಿದ ದುಡ್ಡು, ಅಂಟಿನ ವಾಸನೆಯ ಪಾಸ್‌ಪೋರ್ಟು,
ಲಿಂಗಸುಗೂರಿನಿಂದ ರಾತ್ರಿ ಬಸ್ಸು, ಆಮೇಲೆ ವಿಮಾನ.
ಮಸ್ಕತ್ತಿನ ಕೌಂಟರಿನಲ್ಲಿ ಕೂತಿದ್ದ ಹುಡುಗ
ನನ್ನ ಬೆನ್ನ ಹಿಂದೆ ಇಣುಕಿದ.
ಅಲ್ಲಿ ಯಾರೂ ಇರಲಿಲ್ಲ.
ಬೆರಳೊಂದು ಎತ್ತಿ ತೋರಿಸಿದೆ,
ಸಂತೆಯ ದಿನ ಗದ್ದಲದಲ್ಲಿ ಜನ ನನಗೆ ತೋರಿಸುವ ಹಾಗೆ:
ಒಂದು ಫುಲ್ಲು.

ಮತ್ರಾಹ್‌ಗೆ ಹೋಗುವ ಕೆಂಪು ಬಸ್ಸಿನಲ್ಲಿ ಕಂಡಕ್ಟರಿಲ್ಲ.
ಡ್ರೈವರನೇ ಟಿಕೇಟು ಕೊಡುತ್ತಾನೆ,
ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ,
ಯಾರೂ ‘ರೈಟ್’ ಅನ್ನದೆ ಬಸ್ಸು ಹೊರಟೇಬಿಡುತ್ತದೆ.
ಆ ಮಾತು ನನ್ನ ನಾಲಿಗೆಯ ಮೇಲೆ
ಕಲ್ಲುಸಕ್ಕರೆಯಂತೆ ಕರಗದೆ ಕೂತಿತು.
ಹತ್ತೊಂಬತ್ತು ವರ್ಷ ನಿಂತೇ ಹೋದವಳು;
ಸೀಟಿನಲ್ಲಿದ್ದರೂ ತಿರುವು ಬಂದಾಗ
ಪಾದ ನೆಲವನ್ನು ಕಚ್ಚಿ ಹಿಡಿಯುತ್ತದೆ.
ಊರಲ್ಲಿ ಹೆಂಗಸರಿಗೆ ಸೊನ್ನೆ ಟಿಕೇಟು ಹರಿದು ಕೊಡುವ ಕೈ
ಇಲ್ಲಿ ದುಡ್ಡು ಕೊಟ್ಟು ಕೊಂಡದ್ದನ್ನು ನಾಲ್ಕು ಮಡಿಕೆ ಮಾಡಿ
ಬಳೆಯ ಸಂದಿಗೆ ಸಿಕ್ಕಿಸಿತು.
ಎಷ್ಟು ಜನರಿಗೆ ಬೈದಿದ್ದೇನೆ ಹಾಗೆ ಮಾಡಿದ್ದಕ್ಕೆ!

ನಮ್ಮೂರ ಕಡೆಯ ಬಂಡೆಗಳೇ, ಇನ್ನಷ್ಟು ಸುಟ್ಟು ನಿಲ್ಲಿಸಿದ ಹಾಗೆ ಗುಡ್ಡ.
ಅದರ ಕಾಲಬುಡದಲ್ಲೇ ಸಮುದ್ರ,
ನಿದ್ದೆಗಣ್ಣಲ್ಲಿ ತಪ್ಪು ಸ್ಟಾಪಿಗೆ ಇಳಿದುಬಿಟ್ಟಂತೆ.

ಲೋಬಾನ ಮಾರುವ ಮುದುಕ ಕೇಳಿದ, ಗಂಡ ಎಲ್ಲಿ?
ರೂಮಿನಲ್ಲಿ ಮಲಗಿದ್ದಾರೆ ಅಂದೆ.
ಟ್ಯಾಕ್ಸಿಯವನಿಗೆ: ಪೊಲೀಸ್ ಇಲಾಖೆ, ಈಗ ಬರುತ್ತಾರೆ.
ಚಹಾದಂಗಡಿಯ ಕೋಯ, ಪಾಪ, ನಿಜವಾದ ಕಾಳಜಿಯಿಂದ ಕೇಳಿದ;
ಅವನಿಗೂ ಒಬ್ಬನನ್ನು ಹುಟ್ಟಿಸಿ ಕೊಟ್ಟೆ, ಹಲ್ಲುನೋವಿನವನನ್ನು.
ಸಂಜೆಯ ಹೊತ್ತಿಗೆ ನನಗೆ ಮೂವರು ಗಂಡಂದಿರು.
ನಿಜದವನೊಬ್ಬ ಇದ್ದ.
ಅವನ ಸ್ಟಾಪು ಬಂದುಹೋಗಿ ಬಹಳ ದಿನವಾಯಿತು.

ಕತ್ತಲಾದ ಮೇಲೆ, ದಂಡೆಯ ರಸ್ತೆಯಲ್ಲಿ,
ಬಿಳಿ ಕಾರೊಂದು ನನ್ನ ನಡಿಗೆಗೆ ತನ್ನ ವೇಗ ಹೊಂದಿಸಿಕೊಂಡಿತು.
ನಿಂತರೆ ನಿಂತಿತು. ನಡೆದರೆ ಉರುಳಿತು.
ಗಾಜು ಇಳಿಯಿತು.
ಒಳಗಿಂದ ತಣ್ಣನೆಯ ಗಾಳಿ, ಅತ್ತರು, ಒಂದು ನಗು.
ಬ್ಯಾಗಿನ ತಳದಲ್ಲಿ ಕೈಯಾಡಿಸಿದೆ,
ಸೀಟಿ ಸಿಕ್ಕಿತು.
ಒಂದು ಊದಿದರೆ ನಿಲ್ಲು.
ಎರಡು ಊದಿದರೆ ಹೋಗು.
ಎರಡು ಊದಿದೆ,
ಸಿರವಾರದ ಕ್ರಾಸಿನಲ್ಲಿ ಊದುವಷ್ಟು ಜೋರಾಗಿ.
ಕಡಲಹಕ್ಕಿಗಳು ಎದ್ದವು, ಕಸ ಗುಡಿಸುವವನ ಪೊರಕೆ ನಿಂತಿತು,
ಕಾರು ಹೋಯಿತು.

ಆಮೇಲೆ ಮೊಣಕಾಲು ನಡುಗಿದ್ದನ್ನೂ ಹೇಳಬೇಕು.
ಕಟ್ಟೆಯ ಮೇಲೆ ಕೂತೆ.
ಯಾರದೋ ಕೂಸನ್ನು ತಳ್ಳುಗಾಡಿಯಲ್ಲಿ ತಳ್ಳುತ್ತ ಬಂದ ಹುಡುಗಿ,
ಹೆಸರು ಅಲ್ಮಾಜ್, ಇಥಿಯೋಪಿಯಾದವಳಂತೆ,
ಸೀಟಿ ತೋರಿಸು ಎಂದು ಕೈಚಾಚಿದಳು.
ಒಂದು ಸಲ ಊದಿ, ಗಾಡಿ ನಿಲ್ಲಿಸಿ, ತಾನೇ ನಕ್ಕಳು.
ನಾಲ್ಕು ವರ್ಷದಿಂದ ಈ ಊರಲ್ಲಿದ್ದಾಳೆ,
ಒಬ್ಬಳೇ ಒಂದು ಸಲವೂ ಬಸ್ಸು ಹತ್ತಿಲ್ಲ.
ಕೊಟ್ಟುಬಿಡಬೇಕು ಅನ್ನಿಸಿತು.
ಕೊಡಲಿಲ್ಲ.
ನಾಳೆ ನನಗೇ ಬೇಕಾದೀತು.

ರೂಮಿಗೆ ಬಂದು, ರೂಢಿ ಬಿಡದೆ,
ಹೋಟೆಲಿನ ಕಾಗದದ ಮೇಲೆ ದಿನದ ಲೆಕ್ಕ ಬರೆದೆ.
ಹತ್ತಿದವರು: ಒಂದು. ಇಳಿದವರು: ಒಂದು.
ಬಸ್ಸು, ಚಹಾ, ಒಂದು ಪೊಟ್ಟಣ ಲೋಬಾನ.
ಎರಡು ಸಲ ಕೂಡಿಸಿದರೂ
ಕೈಯಲ್ಲಿ ಐವತ್ತು ಬೈಸಾ ಹೆಚ್ಚಿಗೆ.
ನಮ್ಮಲ್ಲಿ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು,
ಹೆಚ್ಚು ಸಿಕ್ಕರೆ ಮೆಮೋ.
ದೀಪ ಆರಿಸದೆ ಬಹಳ ಹೊತ್ತು ಬಾಗಿಲನ್ನೇ ನೋಡಿದೆ,
ಚೆಕಿಂಗಿನವರು ಬರುವರೇನೋ ಎಂದು.